ಕುರ್ಚಿಯ ಕಾಲಿಗೆ ನನ್ನ ಹೆಣಿಗೆ

ಜನವರಿ ೧೨, ಸೋಮವಾರ

ಹೋದ ಚಳಿಗಾಲದಲ್ಲಿ ನಾನು ಹೆಣೆದು ಕೊಟ್ಟ ಉಡುಗೊರೆಯನ್ನು ಓರಗಿತ್ತಿ ತನ್ನ ಮನೆಯ ಕುರ್ಚಿಗೆ ತೊಡಿಸಿದ್ದಾಳೆ. ಹಿಂದಿನ ಕಾಲುಗಳಿಗೆ ಕಾಲ್ಚೀಲ, ಮುಂದಿನವಕ್ಕೆ ಕೈಗವಸು. ಕೈಗವಸಿನ ಹೆಬ್ಬೆರಳುಗಳು ಪಕ್ಕಕ್ಕೆ ಚಾಚಿಕೊಂಡು ನನ್ನನ್ನೇ ಅಣಕಿಸುತ್ತಿದ್ದವು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ.

"ಒಂದು ಕಾಲ್ಚೀಲ ಹಿಮ್ಮಡಿ ದಾಟಲೇ ಇಲ್ಲ ಅಕ್ಕ. ಬಿಸಾಡೋಕೆ ಮನಸ್ಸು ಬರಲಿಲ್ಲ. ಹೀಗಾದ್ರೆ ನೆಲಾನೂ ಗೀರಲ್ಲ," ಅಂದಳು.

ಮನಸ್ಸು ಬರಲಿಲ್ಲವಂತೆ. ಎಂಥ ದೊಡ್ಡ ಮನಸ್ಸು.

ಎರಡನೆಯ ಕಾಲ್ಚೀಲ ಹೆಣೆದದ್ದು ಅವಳೊಂದಿಗೆ ಜಗಳವಾಡಿ ಬಂದ ವಾರ. ಸಿಟ್ಟು ಬಂದರೆ ನನ್ನ ಕೈ ಉಣ್ಣೆಯನ್ನು ಬಿಗಿಯಾಗಿ ಎಳೆಯುತ್ತದೆ. ಮುಗಿದ ಮೇಲೆ ನನ್ನ ಕಾಲಿಗೇ ಹಾಕಿ ನೋಡಿದ್ದೆ, ಹಿಮ್ಮಡಿಯಲ್ಲೇ ಸಿಕ್ಕಿಕೊಂಡಿತ್ತು. ಬಿಚ್ಚಿ ಮತ್ತೆ ಹೆಣೆಯಬಹುದಿತ್ತು. ಇವಳಿಗೆ ಇಷ್ಟು ಸಾಕು ಎಂದುಕೊಂಡೇ ಕಾಗದ ಸುತ್ತಿದ್ದೆ.