ತಲೆಯ ಮೇಲಿನ ಹೆಜ್ಜೆ

ಕಲ್ಪೆಟ್ಟ
18 ಫೆಬ್ರವರಿ 1998

ಪ್ರೀತಿಯ ಅವ್ವನಿಗೆ,

ನಿನ್ನ ಕಾಲು ಹೇಗಿದೆ, ಮೊದಲು ಅದನ್ನು ಹೇಳು. ಕಾಳುಮೆಣಸಿನ ಕೊಯ್ಲು ಅರ್ಧ ಮುಗಿಯಿತೆಂದು ಊರಿಂದ, ಮುಳ್ಳನ್ಕೊಲ್ಲಿಯಿಂದ ಬಂದಿರುವ ನಮ್ಮ ತೋಟದ ಕುಳ್ಳನ್ ಹೇಳಿದ. ಅಂದರೆ ನೀನು ಬೆಳಗಾದರೆ ಅಂಗಳದಲ್ಲಿ ನಿಂತು ಕಾಳು ಬಿಡಿಸಲು ಗೊಂಚಲು ತುಳಿಯುತ್ತಿದ್ದೀಯ, ಸಂಜೆಗೆ ಅಂಗಾಲು ಉರಿಯುತ್ತಿದೆ, ಯಾರಿಗೂ ಹೇಳುತ್ತಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿಕೋ. ಅತ್ತಿಗೆಯೂ ಸ್ವಲ್ಪ ತುಳಿಯಲಿ, ಅವಳಿಗೂ ಎರಡು ಕಾಲಿದೆ. ಇದನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಮಲಯಾಳಂ ಶಾಲೆಯಲ್ಲಿ ಓದಿದ ಸೋಮಣ್ಣನಿಗೂ ಅವಳಿಗೂ ಈ ಅಕ್ಷರ ಬರುವುದಿಲ್ಲ. ನೀನು ಬೈರಕುಪ್ಪೆಯ ಶಾಲೆಯಲ್ಲಿ ಕಲಿತು ಒಲೆಯ ಮುಂದೆ ಕೂರಿಸಿ ನನಗೆ ಕಲಿಸಿದ ಕನ್ನಡ ನಮ್ಮಿಬ್ಬರ ಗುಟ್ಟಿಗೆ ಸಾಕು.

ಕೂಸು ಚೆನ್ನಾಗಿದ್ದಾಳೆ. ಐದು ತಿಂಗಳಿಗೆ ಒಳ್ಳೆಯ ತೂಕ ಎಂದು ಡಾಕ್ಟರು ಹೇಳಿದರು. ನನಗೇ ನಿದ್ದೆಯಿಲ್ಲ. ಅವಳು ಮಲಗಿದ ಕೂಡಲೇ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಕೆಳಗೆ ಬೆರಳಿಡುತ್ತೇನೆ, ಬೆರಳು ತಾಗಿ ಎಚ್ಚರಾಗುತ್ತಾಳೆ. "ನೀನು ಮಲಗ್ಸೋದಕ್ಕಿಂತ ಎಬ್ಬಿಸೋದೇ ಜಾಸ್ತಿ" ಎಂದು ಇವರು ನಗುತ್ತಾರೆ. ನಗು ಬರುವುದಿಲ್ಲ ಅವ್ವ. ಈ ತಿಂಗಳ ಕೊನೆಗೆ ನನ್ನ ರಜೆ ಮುಗಿಯುತ್ತದೆ, ಮಾರ್ಚ್ ಎರಡಕ್ಕೆ ಬ್ಯಾಂಕಿಗೆ ಹೋಗಲೇಬೇಕು. ಕೂಸನ್ನು ಯಾರ ಕೈಯಲ್ಲಿ ಬಿಡಲಿ? ಹಿಂದಿನ ಬೀದಿಯ ಶಾಂತ ನೋಡಿಕೊಳ್ಳುತ್ತೇನೆ ಅಂದಳು. ಹೋಗಿ ನೋಡಿದರೆ ಅವಳ ಮನೆಯಲ್ಲಿ ಆಗಲೇ ನಾಲ್ಕು ಮಕ್ಕಳು, ಚಾಪೆಯ ಮೇಲೆ ಒಂದು ಆಡು. ಕೂಸನ್ನು ಎದೆಗವಚಿಕೊಂಡು ವಾಪಸ್ ಬಂದೆ. ಇವರು "ಬೇಕಾದ್ರೆ ಕೆಲಸ ಬಿಡು, ನಾನೇನೂ ಅನ್ನಲ್ಲ" ಅನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಅನ್ನುವುದು. ಆದರೆ ಬಿಡಲು ನನಗೆ ಮನಸ್ಸಿಲ್ಲ. ನನ್ನನ್ನು ಮೈಸೂರಿಗೆ ಓದಲು ಕಳಿಸಬೇಕೆಂದು ನೀನು ಅಪ್ಪನ ಹತ್ತಿರ ಮೂರು ದಿನ ಮಾತು ಬಿಟ್ಟಿದ್ದು ಇದಕ್ಕಲ್ಲ.

ಬಾಣಂತನ ಮುಗಿಸಿ ನಮ್ಮನ್ನು ಇಲ್ಲಿಗೆ ಕರೆತಂದ ದಿನ ನೆನಪಿದೆಯಾ? ಜಿಲ್ಲೆಯಾದ ಹೊಸದರಲ್ಲಿ ಕಚೇರಿಯವರಿಗೆಂದು ಕಟ್ಟಿದ ಕಟ್ಟಡ ಇದು. ಮೂರು ಅಂತಸ್ತು, ಆರು ಮನೆ, ಗೋಡೆಯ ಮೇಲೆ ಪ್ರತಿ ಮಳೆಗಾಲದ ಪಾಚಿ. ನಿನಗೆ ಅಡುಗೆಮನೆ ಹಿಡಿಸಿತು, ಕಿಟಕಿಯ ಹೊರಗಿನ ಹಲಸಿನ ಮರವೂ ಹಿಡಿಸಿತು. ಆಮೇಲೆ ಮಾಡಿನ ಮೇಲೆ ಯಾರೋ ನಡೆದರು. ಟಪ್ ಅಂತ ಒಂದು ಹೆಜ್ಜೆ, ಸರ್ ಅಂತ ಎಳೆದ ಇನ್ನೊಂದು. ನಿನ್ನ ಮುಖ ಬಾಡಿತು. ನಮ್ಮ ಮನೆಯ ಪದ್ಧತಿ ನನಗೂ ಗೊತ್ತು, ಕೆಳಗೆ ಯಾರಾದರೂ ಮಲಗಿದ್ದರೆ ಅವರನ್ನು ಎಬ್ಬಿಸಿಯೇ ಅಟ್ಟ ಹತ್ತಬೇಕು. "ತಲೆ ಮೇಲೆ ಯಾರ್ಯಾರೋ ಕಾಲಾಡ್ಸೋ ಮನೇಲಿ ಹ್ಯಾಂಗೆ ಮಲಗ್ಲಿ ಮಗಾ" ಎಂದು ನೀನು ಚಾಪೆ ಸುತ್ತಿಕೊಂಡೆ. ವರಾಂಡಕ್ಕೆ ಹೋದರೆ ಅದರ ಮೇಲೊಂದು ವರಾಂಡ. ಮೆಟ್ಟಿಲಿಗೆ ಹೋದರೆ ಅದರ ಮೇಲೆ ಮೆಟ್ಟಿಲು. ಕೊನೆಗೆ ಟೆರೇಸಿನಲ್ಲಿ ನೀರಿನ ಟ್ಯಾಂಕಿನ ಪಕ್ಕ, ಆ ಮಂಜಿನಲ್ಲಿ ಮಲಗಿ, ಬೆಳಿಗ್ಗೆ ಮೂಗು ಸೋರಿಸುತ್ತಾ ಮೊದಲ ಬಸ್ಸಿಗೆ ಹೊರಟೆ. ನಾನು ಇರು ಎನ್ನಲಿಲ್ಲ. ಹೇಗೆ ಹೇಳಲಿ, ಇನ್ನೊಂದು ರಾತ್ರಿ ಇದ್ದಿದ್ದರೆ ನಿನಗೆ ಜ್ವರವೇ ಬರುತ್ತಿತ್ತು.

ಆ ಕಾಲು ಯಾರದೆಂದು ಅಂದು ನೀನು ಕೇಳಲಿಲ್ಲ. ಮೇಲಿನ ಮನೆಯ ಕಾರ್ತ್ಯಾಯಿನಿ ಟೀಚರದ್ದು. ಒಬ್ಬರೇ ಇರುತ್ತಾರೆ, ಒಂದು ಮಂಡಿ ಮಡಚುವುದಿಲ್ಲ. ಸಕ್ಕರೆ ಕಾಯಿಲೆಗೆ ನಡೆಯಬೇಕೆಂದು ಡಾಕ್ಟರು ಹೇಳಿದ್ದಾರೆ, ಮೆಟ್ಟಿಲಿಳಿಯಲು ಆಗುವುದಿಲ್ಲ, ಹಾಗಾಗಿ ಎರಡು ಹೊತ್ತೂ ಊಟವಾದ ಮೇಲೆ ಅಡುಗೆಮನೆಯಿಂದ ವರಾಂಡಕ್ಕೆ, ವರಾಂಡದಿಂದ ಅಡುಗೆಮನೆಗೆ ನಡೆಯುತ್ತಾರೆ. ಟಪ್, ಸರ್. ಟಪ್, ಸರ್. ಮೊದಮೊದಲು ನನಗೂ ತಲೆ ಚಿಟ್ಟು ಹಿಡಿಯುತ್ತಿತ್ತು. ಆಮೇಲೆ ನೋಡಿದರೆ ಕೂಸು ಅದನ್ನು ಕೇಳುತ್ತಾ ಮಾಡಿನತ್ತ ನೋಡುತ್ತಾಳೆ, ನೋಡುತ್ತಲೇ ಕಣ್ಣು ಮುಚ್ಚುತ್ತಾಳೆ. ನನ್ನ ಹಾಡಿಗೆ ಮಲಗದವಳು ಆ ಎಳೆಯುವ ಕಾಲಿಗೆ ಮಲಗಿದಳು.

ಕಳೆದ ವಾರ ಮಂಗಳವಾರ ಮಧ್ಯಾಹ್ನದ ಊಟದ ಹೊತ್ತು ಮುಗಿದರೂ ಅವಳು ಮಲಗಲಿಲ್ಲ. ಅಳಲೂ ಇಲ್ಲ, ಸುಮ್ಮನೆ ಮೇಲೆ ನೋಡುತ್ತಿದ್ದಳು. ಹೊಟ್ಟೆನೋವೆಂದು ಓಮದ ನೀರು ಕುಡಿಸಿದೆ, ಹಣೆ ಮುಟ್ಟಿದೆ, ಬಟ್ಟೆ ಬಿಚ್ಚಿ ಇರುವೆ ಹುಡುಕಿದೆ. ಕೊನೆಗೆ ನಾನೂ ಅವಳಂತೆ ಮೇಲೆ ನೋಡಿದೆ. ಹೆಜ್ಜೆಯೇ ಇಲ್ಲ. ಕೂಸನ್ನು ಎತ್ತಿಕೊಂಡು ಮೇಲೆ ಓಡಿದೆ. ಬಾಗಿಲು ಒಳಗಿನಿಂದ ಹಾಕಿತ್ತು. ಕಿವಿಗೊಟ್ಟರೆ "ಮೋಳೇ" ಎಂದು ಮಗಳನ್ನು ಕರೆದಂತೆ ಸಣ್ಣ ದನಿ. ಕೆಳಗಿನ ಮನೆಯ ಟೈಲರ್ ಕುಞ್ಞಿರಾಮನ್ ಚೇಟ್ಟನನ್ನು ಕೂಗಿದೆ, ಅವರು ಭುಜ ಕೊಟ್ಟು ಚಿಲಕ ಮುರಿದರು. ಟೀಚರು ಬಚ್ಚಲ ಬಾಗಿಲಲ್ಲಿ ಬೆಳಗಿನಿಂದ ಬಿದ್ದಿದ್ದರು. ಒಳ್ಳೆಯ ಕಾಲೇ ಮುರಿದಿತ್ತು. ಕುರ್ಚಿಯಲ್ಲಿ ಕೂರಿಸಿ ಇಳಿಸುವಾಗಲೂ "ರಾಮಾ, ಚಿಲಕ ನೀನೇ ಹಾಕ್ಸಿಕೊಡು" ಅಂದರು. ಚೇಟ್ಟನ್ ಬೆವರು ಒರೆಸಿಕೊಳ್ಳುತ್ತಾ "ಮೊದ್ಲು ಬದುಕಿ ಬನ್ನಿ ಟೀಚರೇ, ಚಿಲಕ ಎಲ್ಲಿಗೂ ಓಡಲ್ಲ" ಅಂದರು.

ಆಸ್ಪತ್ರೆಯಲ್ಲಿ ಕೂಸಿನ ಸಂಗತಿ ಹೇಳಿದೆ. ಅವರು "ನನ್ನ ನಡಿಗೆಗೆ ಜನ ನಗೋದು ಗೊತ್ತಿತ್ತು, ನಿದ್ದೆ ಮಾಡೋರೂ ಇದ್ದಾರಾ" ಅಂದರು. ಭಾನುವಾರ ಅವರ ಮಗಳು ಕೋಝಿಕ್ಕೋಡಿನಿಂದ ಬಂದು ಕರೆದೊಯ್ದಳು. ಮಳೆಗಾಲ ಮುಗಿಯುವವರೆಗೆ ಅಲ್ಲೇ. ಹೊರಡುವಾಗ ಮನೆಯ ಕೀಲಿ ನನ್ನ ಕೈಯಲ್ಲಿಟ್ಟು, "ಕೂಸಿನ ತಲೆ ಮೇಲೆ ಖಾಲಿ ಮನೆ ಬೇಡ, ಯಾರಾದ್ರೂ ನಡೀಲಿ" ಅಂದರು.

ನಿನ್ನೆ ನಿನ್ನ ಅಳಿಯನನ್ನು ಮೇಲೆ ಕಳಿಸಿದೆ. ಒಂದು ಕಾಲೆಳೆಯುತ್ತಾ ನಡೆದರು ಪಾಪ. ಆನೆ ನುಗ್ಗಿದ ಹಾಗೆ ಕೇಳಿತು, ಕೂಸು ಬೆಚ್ಚಿ ಅತ್ತಳು. ಈಗ ನನ್ನ ತೊಡೆಯ ಮೇಲಿದ್ದಾಳೆ, ಮೇಲಿನ ಸಾಲಿನಲ್ಲಿ ಶಾಯಿ ಹರಡಿದ್ದು ಅವಳು ಪೆನ್ನಿಗೆ ಒದ್ದದ್ದಕ್ಕೆ.

ಅಣ್ಣ ಅತ್ತಿಗೆಗೆ ನನ್ನ ನೆನಪು ಹೇಳು. ಕರಿಹಸುವಿನ ಕರುವಿನ ಹಣೆ ನನ್ನ ಪರವಾಗಿ ಒಮ್ಮೆ ಸವರು.

ನಿನ್ನ ಮಗಳು
ಶ್ಯಾಮಳ

ತಾ.ಕ.: ಈ ಕಾಗದ ಒಯ್ಯಲು ಕುಳ್ಳನ್ ಬಸ್ಸಿಗೆ ಹೊತ್ತಾಯಿತೆಂದು ಬಾಗಿಲಲ್ಲಿ ನಿಂತಿದ್ದಾನೆ. ಅವ್ವಾ, ಟೀಚರ ಮನೆಯ ಮೇಲೆ ಯಾರೂ ಇಲ್ಲ. ಟೆರೇಸು, ಅದರ ಮೇಲೆ ಆಕಾಶ. ನೀನು ಬಂದು ಅಲ್ಲಿ ಇರಬಹುದೇ ಎಂದು ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹಗಲು ನಮ್ಮ ಮನೆಯಲ್ಲಿ ಕೂಸಿನ ಜೊತೆ ಇರು, ಸಂಜೆ ಮೇಲೆ ಹೋಗಿ ಎಲೆಅಡಿಕೆ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ಮಲಗು. ಮಗಳ, ಮೊಮ್ಮಗಳ ತಲೆ ಮೇಲೆ ಹೇಗೆ ಕಾಲಿಡಲಿ ಎನ್ನಬೇಡ. ಮನೆಗೆ ಬಂದಾಗಲೆಲ್ಲ ಬಗ್ಗಿ ನಿನ್ನ ಕಾಲಿಗೆ ತಲೆ ತಾಗಿಸುವವಳು ನಾನು, ಇಲ್ಲಿ ಬಗ್ಗದೆಯೇ ತಾಗುತ್ತದೆ, ಅಷ್ಟೇ. ಮಾರ್ಚ್ ಎರಡರೊಳಗೆ ಬಾ. ಮೆಣಸು ಮುಗಿಯದಿದ್ದರೂ ಬಾ. ಕೂಸು ಇನ್ನೂ ಮೇಲೆಯೇ ನೋಡುತ್ತಿದ್ದಾಳೆ.