ಆ ಸೀರೆಯ ಗಂಟು ಹೇಗೆ ಹಾಕಿದೆ

ಇಸವಿ ೨೧೭೧, ಎರಡನೇ ಬೇಸಿಗೆಯ ಒಂಬತ್ತನೇ ದಿನ
ಹರಿಹರ

ಹಾಲಮ್ಮಜ್ಜಿಗೆ,

ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದಾರೆ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಬಾಯಲ್ಲಿ ಹೇಳ್ತೀನಿ, ಬರ್ಕೊಳ್ಳಯ್ಯ ಅಂದರೆ ಹಿಂದಂಚೆಯ ಗುಮಾಸ್ತ ಕೇಳಲಿಲ್ಲ. ಹಿಂದಂಚೆ ಅಂದರೆ ಹೋದ ಕಾಲಕ್ಕೆ ಕಾಗದ ಒಯ್ದು, ಅಲ್ಲಿಂದ ಉತ್ತರ ತರೋ ಅಂಚೆ. ಮನೆಗೊಂದೇ ಕಾಗದ, ರಕ್ತಸಂಬಂಧಿಗೇ ಆಗಬೇಕು, ಕೈಬರಹವೇ ಆಗಬೇಕಂತೆ. ಅಕ್ಷರ ಸೊಟ್ಟಗಿದ್ದರೆ, ಮಾತು ವಿಚಿತ್ರ ಅನ್ನಿಸಿದರೆ ಸೈರಿಸಿಕೋ. ನಾನು ಗಂಗವ್ವ, ನಿನ್ನ ಮಗಳ ಮರಿಮಗಳು. ನನಗೆ ಎಪ್ಪತ್ತೊಂದು. ಈ ಕಾಗದ ತಲುಪೋ ಹೊತ್ತಿಗೆ ನಿನಗೆ ಇಪ್ಪತ್ನಾಲ್ಕು. ಅಜ್ಜಿ ಅನ್ನೋಕೆ ಬಾಯಿ ಬರಲ್ಲ. ಅವ್ವಾ ಅಂತೀನಿ.

ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ. ನೀರು ಆರಬಾರದು ಅಂತ ಹೊಳೆಗೆ ಮುಚ್ಚಳ ಹಾಕಿದ್ದಾರೆ. ಮೇಲೆ ನಡೆದರೆ ಕಾಲಡಿ ಗುಳುಗುಳು ಕೇಳುತ್ತೆ, ಕಣ್ಣಿಗೆ ಕಾಣಲ್ಲ. ಉಡೋದು ಕರಗುಬಟ್ಟೆ. ಬೆವರಿಗೆ ತಡೆಯುತ್ತೆ, ಮೂರು ದಿನ ಉಟ್ಟು ನೀರಿಗೆ ಹಾಕಿದರೆ ಗಂಜಿಯ ಹಾಗೆ ಕರಗಿ ಗಿಡದ ಬುಡಕ್ಕೆ ಹೋಗುತ್ತೆ. ಯಾರ ಮನೆಯಲ್ಲೂ ಹಳೇ ಬಟ್ಟೆ ಅನ್ನೋದೇ ಇಲ್ಲ. ಇದನ್ನ ನೆನಪಿಟ್ಟುಕೋ.

ನನ್ನ ಮೊಮ್ಮಗಳು ದವನಾಗೆ ಎರಡು ಬಸಿರು ಇಳಿದು ಮೂರನೆಯದು ನಿಂತಿತ್ತು. ಐದು ತಿಂಗಳಿಗೇ ಬಿ.ಪಿ. ಏರಿತು, ಮುಖ ಊದಿತು, ಕಣ್ಣು ಮಂಜಾಯಿತು. ಮಲಗೇ ಇರು ಅಂದರು, ಇದ್ದಳು. ಆದರೂ ಆರೂವರೆ ತಿಂಗಳಿಗೆ, ತಾಯಿ ಉಳೀಬೇಕಾದರೆ ಕೂಸನ್ನ ತೆಗೀಬೇಕು ಅಂದರು. ತೆಗೆದರು. ಹೆಣ್ಣು. ತೂಕ ಒಂದು ಕೆ.ಜಿ. ಇಲ್ಲ. ಅಳಲಿಲ್ಲ, ಅಳೋಕೆ ಬಿಡಲೂ ಇಲ್ಲ; ಹೊಕ್ಕುಳಬಳ್ಳಿ ಸಮೇತ ನೀರುತೊಟ್ಟಿಲಿಗೆ ಇಳಿಸಿದರು. ಅದು ಬೆಚ್ಚಗಿನ ನೀರು ತುಂಬಿದ ಗಾಜಿನ ಬಸಿರು, ಯಾರೂ ಮುಟ್ಟೋ ಹಾಗಿಲ್ಲ. ಐದು ವಾರದಿಂದ ದವನಾ ಗಾಜಿಗೆ ಅಂಗೈ ಒತ್ತಿಕೊಂಡು ನಿಂತಿದ್ದಾಳೆ. ಆ ಕಡೆ ಕೂಸು ಕೈ ಆಡಿಸಿದಾಗೆಲ್ಲ ಇವಳಿಗೆ ಎದೆಹಾಲು ಇಳಿದು ಕುಪ್ಪಸ ಕರಗಿ ಹೋಗುತ್ತೆ. ದಿನಕ್ಕೆ ಎರಡು ಕುಪ್ಪಸ! ಬೈತೀನಿ. ಬೈದು, ಆಚೆ ಬಂದು ಮೂಗು ಒರೆಸಿಕೊಳ್ತೀನಿ.

ಈ ಬೇಸಿಗೆಯ ಹತ್ತೊಂಬತ್ತನೇ ದಿನ ತೊಟ್ಟಿಲು ತೆರೀತಾರೆ. ಆಮೇಲೆ ಕೂಸು ಬೆಚ್ಚುಗೂಡಿಗೆ, ಅದೂ ಯಂತ್ರವೇ. ಅಜ್ಜೀ, ಗೂಡು ಬೇಡ, ನನ್ನ ಎದೆಮೇಲೇ ಇಟ್ಕೋತೀನಿ ಅಂತ ದವನಾ ಹಟ ಹಿಡಿದಳು. ನರ್ಸಮ್ಮ ನಕ್ಕಳು. ಬಿಗಿಯಾದರೆ ಉಸಿರು ಕಟ್ಟುತ್ತೆ, ಸಡಿಲವಾದರೆ ಜಾರುತ್ತೆ, ಕಟ್ಟಿ ತೋರಿಸು ಮುದುಕಿ, ಸರಿಯಿದ್ದರೆ ಕೊಡ್ತೀನಿ ಅಂದಳು. ಕೇಳಿದ್ದಕ್ಕೆಲ್ಲ ಉತ್ತರ ಹೇಳೋ ಗೋಡೆ ನಮ್ಮ ಮನೆಯಲ್ಲಿದೆ. ಅದನ್ನೂ ಕೇಳಿದೆ. ದೊಡ್ಡ ಮಕ್ಕಳನ್ನ ಬೆನ್ನಿಗೆ ಕಟ್ಟೋದನ್ನ ತೋರಿಸಿತು, ದಂಡದ್ದು.

ಬಲ್ಲವಳು ನೀನೊಬ್ಬಳೇ. ಏಳು ತಿಂಗಳಿಗೆ ಹುಟ್ಟಿದ ಮಗಳನ್ನ ಹಳೇ ಹತ್ತಿ ಸೀರೆಯಲ್ಲಿ ಎದೆಗೆ ಕಟ್ಟಿಕೊಂಡು ಎರಡು ತಿಂಗಳು ಕಳೆದೆಯಂತೆ. ಕೊನೇ ದಿನ ಗಂಟು ಬಿಚ್ಚದೆ, ತಲೆಮೇಲಿಂದ ಕಳಚಿಟ್ಟೆಯಂತೆ. ಅದು ಹಾಗೇ ನಮ್ಮ ಟ್ರಂಕಿನಲ್ಲಿತ್ತು. ನಮ್ಮವ್ವ ಯಾರಿಗೂ ಬಿಚ್ಚೋಕೆ ಬಿಡುತ್ತಿರಲಿಲ್ಲ. ಅವಳು ತೀರಿಕೊಂಡಳು. ಸೂತಕ ಕಳೆಯೋ ದಿನ ಮನೇಲಿರೋ ಬಟ್ಟೆಯೆಲ್ಲ ಒಗೀಬೇಕು ಅನ್ನೋ ಪದ್ಧತಿ ನಮ್ಮಲ್ಲಿ ಉಳಿದಿದೆ, ಒಗೆಯೋ ಬಟ್ಟೆಯೇ ಉಳಿದಿಲ್ಲ. ಇದ್ದದ್ದು ನಿನ್ನ ಸೀರೆ ಒಂದೇ. ಬಿಚ್ಚಿದೆ, ಒಗೆದೆ, ಒಣಗಿಸಿ ಮಡಿಸಿಟ್ಟೆ. ನಾನೇ. ನಿನ್ನ ವಾಸನೆಯೂ ಹೋಯಿತು, ಗಂಟೂ ಹೋಯಿತು. ಒಂದು ವಾರದಿಂದ ದಿಂಬನ್ನ ಎದೆಗೆ ಕಟ್ಟಿ ನೋಡ್ತಿದ್ದೀನಿ. ಜಾರಿ ಬೀಳುತ್ತೆ.

ಒಂದು ಮಾತು ಬರೀಬಾರದು ಅಂತ ಗುಮಾಸ್ತ ಕಟ್ಟಪ್ಪಣೆ ಮಾಡಿದ್ದಾನೆ. ಅವನ ಅಪ್ಪಣೆ ಅವನ ಹತ್ತಿರವೇ ಇರಲಿ. ಇದನ್ನ ಓದೋವಾಗ ನಿನ್ನ ಎದೆಮೇಲಿರೋ ಕೂಸು ಬದುಕುತ್ತೆ ಕಣವ್ವ. ಎಂಬತ್ನಾಲ್ಕು ವರ್ಷ. ನಾನು ಅವಳ ತೊಡೆಮೇಲೆ ಕೂತು ರೊಟ್ಟಿ ತಿಂದಿದ್ದೀನಿ, ಬೆಲ್ಲ ಕದ್ದು ಬೆನ್ನಿಗೆ ಗುದ್ದಿಸಿಕೊಂಡಿದ್ದೀನಿ. ಹೆಸರು ಹೇಳಲ್ಲ, ಅದನ್ನ ನೀನೇ ಇಡಬೇಕು. ಅವಳ ಉಸಿರು ಎಣಿಸೋದನ್ನ ಬಿಟ್ಟು, ಒಂದು ಕೈ ಬಿಡುವು ಮಾಡಿಕೊಂಡು ಬರಿ. ಸೆರಗು ಯಾವ ಹೆಗಲ ಮೇಲಿಂದ ಬಂತು, ಗಂಟು ಎಲ್ಲಿ ಬಿತ್ತು, ಕೂಸಿನ ಮುಖ ಯಾವ ಕಡೆಗಿತ್ತು. ಚಿತ್ರ ಗೀಚಿದರೂ ಸಾಕು. ಎರಡನೇ ಬೇಸಿಗೆಯ ಹದಿನೆಂಟರೊಳಗೆ ಉತ್ತರ ನನ್ನ ಕೈಲಿರಬೇಕು.