ಇನ್ನೂ ತುಂಬದ ಪದ

ಅವ್ವ,

ನೀನು ಹೋಗಿ ಮೂರು ವರ್ಷವಾದರೂ ಮನೆಯ ಸುದ್ದಿ ನಿನಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಇಂದು ಹರಿಹರೇಶ್ವರನ ಗುಡಿಯಿಂದ ಬಂದಾಗ ನಿನ್ನ ಮೊಮ್ಮಗಳು ಸುಷ್ಮಾ ಕಂಪ್ಯೂಟರಿನ ಮುಂದಿದ್ದಳು. ದಾವಣಗೆರೆಯ ಗೆಳತಿಯರ ಜೊತೆ ಸೇರಿ ಆನ್‌ಲೈನ್ ಆಟವೊಂದನ್ನು ಕಟ್ಟುತ್ತಿದ್ದಾಳೆ. ಅದರಲ್ಲಿ ಚಿತ್ರವಿಲ್ಲ, ಬರೀ ಓದಿ, ಟೈಪ್ ಮಾಡಿ ಆಡಬೇಕು. ಅಲ್ಲಿ ಬೀಸುವ ಕಲ್ಲಿನ ಮುಂದೆ ಒಬ್ಬ ಅಜ್ಜಿ ಕೂತಿರುತ್ತಾಳೆ. ಯಾರು ಬಂದರೂ ಒಂದು ಸಾಲು ಹಾಡುತ್ತಾಳೆ. ಆ ಅಜ್ಜಿಯ ಬಾಯಲ್ಲಿ ಹಾಡಿಸಲು ಸುಷ್ಮಾಗೆ ನೀನು ಬೀಸುವಾಗ ಹಾಡುತ್ತಿದ್ದ ಉಚ್ಚಂಗೆಮ್ಮನ ಪದ ಬೇಕಂತೆ.

ಎಷ್ಟು ಸಾಲು ಕೊಟ್ಟರೂ ಒಂದೊಂದಾಗಿ ಬಿಡಿಸಿ ಪಟ್ಟಿಗೆ ಸೇರಿಸುವ ಸ್ಕ್ರಿಪ್ಟು ಅನ್ನುವ ಪುಟ್ಟ ಪ್ರೋಗ್ರಾಂ ಅನ್ನು ಸುಷ್ಮಾ ಬರೆದಿದ್ದಾಳೆ. ಕೊನೆಗೆ ‘ಮುಗೀತು’ ಎಂದು ಟೈಪ್ ಮಾಡಿದರೆ ಪಟ್ಟಿ ಅಲ್ಲಿಗೆ ನಿಲ್ಲುತ್ತದೆ.

“ದೇವಿ ಪದಕ್ಕೆ ಮುಗೀತು ಅಂತಾರೇನೇ? ಡಬ್ಬಿ ಬರಿದಾದ್ರೂ ನಿಮ್ಮಜ್ಜಿ ಅಕ್ಕಿ ತುಂಬೈತೆ ಅಂತಿದ್ಲು,” ಅಂದೆ.

“ಕಂಪ್ಯೂಟರಿಗೂ ಮಡಿ ಕಲಿಸ್ತೀಯಲ್ಲಮ್ಮಾ,” ಎಂದು ನಕ್ಕಳು. ಆದರೂ ಅದನ್ನು ಅಳಿಸಿ ‘ತುಂಬಿತು’ ಎಂದು ಹಾಕಿದಳು.

ಎರಡು ಸಾಲು ಕೊಟ್ಟು ನೋಡಿದೆವು. ಆಟದ ಅಜ್ಜಿ ನಿನ್ನ ಪದದ ಸಾಲನ್ನೇ ಹಾಡಿದಳು. ನನಗೆ ಹೊಟ್ಟೆ ತುಂಬಿದಂತಾಯಿತು.

ಆಮೇಲೆ ಇಡೀ ಪದ ಹೇಳುತ್ತ ಹೋದೆ, ಅವಳು ಟೈಪ್ ಮಾಡುತ್ತ ಬಂದಳು. ಕೊನೆಯ ನುಡಿ ಮಾತ್ರ ನನಗೆ ಬರುವುದಿಲ್ಲ. ಅದನ್ನು ಕಲಿಸುವುದಕ್ಕೆ ನೀನು ಎಷ್ಟು ಸಲ ಕರೆದಿದ್ದೆ, ನಾನೇ ಬಂದು ಕೂರಲಿಲ್ಲ.

“ತುಂಬಿತು ಅಂತ ಹಾಕ್ಲೇನಮ್ಮ?”

“ತಡಿ, ಇನ್ನೊಂದು ನುಡಿ ಐತೆ,” ಅಂದೆ.

ಅವಸರವಿಲ್ಲವಂತೆ. ‘ತುಂಬಿತು’ ಎಂದು ಹಾಕುವ ತನಕ ಸ್ಕ್ರಿಪ್ಟು ಮುಂದಿನ ಸಾಲಿಗೆ ಕಾಯುತ್ತಲೇ ಇರುತ್ತದಂತೆ, ಅವ್ವ.